ಹೆಬ್ಬೆಟ್ಟು ಒತ್ತಿಸುವ ಮುನ್ನ

ಅಪ್ಪನಿಗೆ ಲಕ್ವಾ ಹೊಡೆದು ಮಿರಜಿನ ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಊರಲ್ಲಿ ಸೊಸೈಟಿ ಸಾಲದ ಗಡುವು ಬಂದಿದೆ. ಕಬ್ಬಿನ ಬಿಲ್ಲು ಅವರ ಖಾತೆಗೇ ಬಿದ್ದಿದೆ, ಎಟಿಎಂ ಪಿನ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಾತಾಡಿಸಲು ಬಂದವರಲ್ಲಿ ಒಬ್ಬರಾದರೂ ಹೇಳುತ್ತಾರೆ: ‘ಒಂದು ವಟಮುಖತ್ಯಾರ ಬರಸ್ಕೊಂಡ ಬಿಡ್ರಿ, ಹೆಬ್ಬೆಟ್ಟ ಒತ್ತಿಸಿದ್ರ ಆತು.’ ನಮ್ಮ ಬೆಳಗಾವಿ ಜಿಲ್ಲೆಯ ಮಂಗಸೂಳಿಯಿಂದ ನಿಪ್ಪಾಣಿವರೆಗೆ ಈ ಸಲಹೆ ಕೊಡುವವರಿಗೆ ಬರವಿಲ್ಲ. ಕಾನೂನಿನ ಕಣ್ಣಲ್ಲಿ ಅದು ನಿಲ್ಲುವುದಿಲ್ಲ ಅನ್ನುವುದು ಗೊತ್ತಾಗುವ ಹೊತ್ತಿಗೆ ಅಣ್ಣತಮ್ಮಂದಿರು ಕೋರ್ಟಿನ ಕಟ್ಟೆ ಹತ್ತಿರುತ್ತಾರೆ.

‘ನನ್ನ ಪರವಾಗಿ ನೀನು ಮಾಡು’ ಎಂದು ಅಧಿಕಾರ ಕೊಡುವವರಿಗೆ, ಕೊಡುತ್ತಿದ್ದೇನೆ ಎಂಬ ಅರಿವಿರಬೇಕು. ಅರಿವಿಲ್ಲದ ಕೈಯನ್ನು ಹಿಡಿದು ಶಾಯಿ ಹಚ್ಚಿ ಒತ್ತಿಸಿದ ಮುಖತ್ಯಾರ ಪತ್ರ ಹುಟ್ಟುವಾಗಲೇ ಸತ್ತಿರುತ್ತದೆ. ಇದಕ್ಕಿಂತ ಹೆಚ್ಚು ಮಂದಿಯನ್ನು ಎಡವಿಸುವುದು 1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಕಲಂ. ಅಧಿಕಾರ ಕೊಟ್ಟವರ ಚಿತ್ತಸ್ವಾಸ್ಥ್ಯ ಹೋದರೆ ಕೊಟ್ಟ ಅಧಿಕಾರವೂ ಕೊನೆಯಾಗುತ್ತದೆ ಎನ್ನುತ್ತದೆ ಅದು. ಹಿಂದೆ ಅಪ್ಪ ಗಟ್ಟಿಮುಟ್ಟಾಗಿದ್ದಾಗ ಸಬ್ ರಿಜಿಸ್ಟ್ರಾರ್ ಮುಂದೆ ನಿಂತು ಬರೆದುಕೊಟ್ಟಿದ್ದ ಪತ್ರಕ್ಕೂ ಇದೇ ಗತಿ. ಅಂದರೆ ವಟಮುಖತ್ಯಾರ ಯಾವಾಗ ನಿಜವಾಗಿ ಬೇಕಾಗುತ್ತದೋ ಆಗಲೇ ಅದು ಕೈ ಕೊಡುತ್ತದೆ. ಇಂಗ್ಲೆಂಡಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ಪ್ರಕಾರ, ಬುದ್ಧಿ ಮಂಕಾದ ಮೇಲೂ ಚಾಲ್ತಿಯಲ್ಲಿರುವ ಮುಖತ್ಯಾರ ಪತ್ರವನ್ನು ಮೊದಲೇ ಮಾಡಿಡಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಪರದೇಶದಲ್ಲಿರುವ ಮಗ ಅಲ್ಲಿಯ ಪದ್ಧತಿ ನೋಡಿ ‘ಅದನ್ನೇ ಮಾಡಿಸಿರಿ’ ಎಂದು ಫೋನು ಮಾಡಿದರೆ ಸಮಾಧಾನದಿಂದ ಇದನ್ನು ತಿಳಿಸಿ.

ಹಾಗಾದರೆ ದಾರಿ ಯಾವುದು? ಅದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ವ್ಯಕ್ತಿಗೆ ಈ ಒಂದು ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಇವತ್ತು ಇದೆಯೇ? ಇಲ್ಲವಾದರೆ, ಯಾವ ಕಾಯಿಲೆಯಿಂದ ಹೋಗಿದೆ? ಮೊದಲನೆಯದಕ್ಕೆ ಡಾಕ್ಟರು ಉತ್ತರ ಹೇಳುತ್ತಾರೆ. ಎರಡನೆಯದರ ಉತ್ತರದ ಮೇಲೆ ನೀವು ಯಾವ ಕಚೇರಿಯ ಬಾಗಿಲು ಬಡಿಯಬೇಕೆಂಬುದು ತೀರ್ಮಾನವಾಗುತ್ತದೆ.

‘ತಲೆ ಸರಿ ಇದೆಯಾ’ ಎಂದು ಕೇಳಬೇಡಿ

ಜನ ಡಾಕ್ಟರ ಹತ್ತಿರ ಹೋಗಿ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಇವರ ತಲಿ ಸರಿ ಐತಿ ಅಥವಾ ಇಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಡ್ರಿ.’ ಕೇಳಬೇಕಾದ್ದು ಇದಲ್ಲ. ಮನುಷ್ಯನ ತಿಳಿವಳಿಕೆ ಹೊತ್ತಿಗೊಂದು ರೀತಿ, ವಿಷಯಕ್ಕೊಂದು ರೀತಿ ಇರುತ್ತದೆ. ಯಾವ ಹೊಲಕ್ಕೆ ನೀರು ಬಿಡಬೇಕು, ಇವತ್ತಿನ ಗುಳಿಗೆ ನುಂಗಬೇಕೋ ಬೇಡವೋ ಎಂದು ಹೇಳಬಲ್ಲ ಅಜ್ಜನಿಗೆ ನಾಲ್ಕು ಮಂದಿಯ ವಾಟ್ನಿಪತ್ರದ ಲೆಕ್ಕ ಹಿಡಿತಕ್ಕೆ ಸಿಗದೇ ಹೋಗಬಹುದು. ಕರಾರು ಅಧಿನಿಯಮದ 12ನೆಯ ಕಲಂ ಇದನ್ನು ಒಂದೂವರೆ ಶತಮಾನದ ಹಿಂದೆಯೇ ಗುರುತಿಸಿದೆ. ಬಹುಪಾಲು ಅಸ್ವಸ್ಥಚಿತ್ತರಾಗಿದ್ದು ನಡುನಡುವೆ ತಿಳಿಯಾಗುವವರು ಆ ತಿಳಿಯಾದ ಹೊತ್ತಿನಲ್ಲಿ ಕರಾರು ಮಾಡಬಹುದು. ಯಾವಾಗಲೂ ಸ್ವಸ್ಥರಾಗಿರುವವರು ಜ್ವರದ ಸನ್ನಿಯಲ್ಲೋ ಕುಡಿದ ಅಮಲಿನಲ್ಲೋ ಇರುವಾಗ ಮಾಡುವಂತಿಲ್ಲ.

ವಯಸ್ಸಿನ ಮೇಲೆ ತೀರ್ಪು ಕೊಡುವ ಚಾಳಿಯೂ ನಮ್ಮಲ್ಲಿದೆ. ಅರವತ್ತಕ್ಕೆ ಅರಳು ಮರಳು ಎಂದು ನಗುತ್ತಲೇ ಹೇಳಿ ಹಿರಿಯರನ್ನು ವ್ಯವಹಾರದಿಂದ ಬದಿಗೆ ಸರಿಸುತ್ತೇವೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ಕಾಯಿಲೆ ಇದೆ ಎಂದು ಅಂದಾಜಿಸಿತು. ನೂರರಲ್ಲಿ ತೊಂಬತ್ತೆರಡು ಮಂದಿಗೆ ಇಲ್ಲ ಎಂಬುದನ್ನೂ ಇದರಿಂದ ಓದಿಕೊಳ್ಳಬೇಕು. ಮಾನಸಿಕ ಕಾಯಿಲೆ ಇದ್ದವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ ಇನ್ನೂ ನೇರ: ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥಚಿತ್ತ ಎಂದಾಗುವುದಿಲ್ಲ, ಹಾಗೆಂದು ಸಾರಬೇಕಾದ್ದು ಸಕ್ಷಮ ನ್ಯಾಯಾಲಯ.

ಡಾಕ್ಟರು ನೋಡುವುದೇನು? ಚಿಕಿತ್ಸೆಯ ನಿರ್ಧಾರಗಳಿಗಾಗಿ ಆ ಅಧಿನಿಯಮದ 4ನೆಯ ಕಲಂ ಕೊಟ್ಟಿರುವ ಅಳತೆಗೋಲು ಸರಳವಾಗಿದೆ. ಸಂಬಂಧಪಟ್ಟ ಮಾಹಿತಿ ತಿಳಿಯುತ್ತದೆಯೇ, ಮುಂದೇನಾಗುತ್ತದೆ ಎಂಬ ಅಂದಾಜಿದೆಯೇ, ನಿರ್ಧಾರವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಲು ಬರುತ್ತದೆಯೇ ಎಂದು ನೋಡಬೇಕು. ಆಸ್ತಿಯ ವಿಷಯಕ್ಕೂ ಪರೀಕ್ಷೆ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ಸಾಗುತ್ತದೆ.

ಒಂದು ಸಂದರ್ಭ ಎಂದುಕೊಳ್ಳಿ. ಎಪ್ಪತ್ತೆಂಟರ ಅಜ್ಜಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತನ್ನ ಹೆಸರಿನ ಹೊಲವನ್ನು ಕಿರಿಯ ಮಗಳಿಗೆ ಬಕ್ಷೀಸಪತ್ರ ಮಾಡಿಕೊಡಬೇಕೆಂದಿದ್ದಾರೆ. ಡಾಕ್ಟರು ಮೊದಲು ಮಗಳನ್ನೂ ಮಗನನ್ನೂ ಹೊರಗೆ ಕೂರಿಸುತ್ತಾರೆ. ಚಾಳೀಸು ಹಾಕಿಕೊಳ್ಳಲು ಹೇಳಿ, ಕಿವಿ ಕೇಳುವ ಬದಿಗೆ ಕುರ್ಚಿ ಎಳೆದುಕೊಳ್ಳುತ್ತಾರೆ. ಇವತ್ತು ಎಷ್ಟನೇ ತಾರೀಖು ಅಂದರೆ ‘ನನಗ ಎಲ್ಲಿ ತಾರೀಖ ಗೊತ್ತಿರತಾವ್ರಿ, ಮೊನ್ನೆ ಅಮಾಸಿ ಆತು’ ಎನ್ನುತ್ತಾರೆ. ನೂರರಿಂದ ಏಳೇಳು ಕಳೆಯಿರಿ ಅಂದರೆ ಮೂರನೆಯದಕ್ಕೇ ನಿಲ್ಲುತ್ತಾರೆ. ಕಾಗದದ ಪರೀಕ್ಷೆಯಲ್ಲಿ ಅಂಕ ಕಡಿಮೆ. ಆಮೇಲೆ ಮಾತು ಹೊಲದ ಕಡೆ ಹೊರಳುತ್ತದೆ.

‘ಆಯೀ, ಈ ಕಾಗದ ಯಾಕ ಮಾಡ್ಸಾಕತ್ತೀರಿ?’

‘ಹಳ್ಳದ ಬಾಜೂಕಿನ ಹೊಲಾ ಸಣ್ಣಾಕಿ ಹೆಸರಿಗೆ ಮಾಡೂದ್ರಿ.’

‘ಒಮ್ಮೆ ಮಾಡಿದ್ರ ವಾಪಸ್ ಸಿಗತೈತೇನ್ರಿ?’

‘ಎಲ್ಲಿ ಸಿಗತೈತಿ? ಕೊಟ್ಟಿದ್ದು ಕೊಟ್ಟಂಗ. ಅದಕ್ಕ ನಾ ಇರೂತನಾ ನನ್ನ ನೋಡ್ಕೋಬೇಕಂತ ಅದರಾಗ ಬರೀರಿ ಅಂದೇನಿ.’

‘ಮಗಾ ಏನಂತಾನು?’

‘ಸಿಟ್ಟ ಮಾಡ್ತಾನ್ರಿ. ಬಾವಿ ಹೊಲಾ ಅವಂಗ ಆಗಳೆ ಕೊಟ್ಟೇನಿ, ಈಕಿಗೇನ ಕೊಟ್ಟೇನಿ?’

ಈ ಅಜ್ಜಿಗೆ ಅಮಾವಾಸ್ಯೆಯ ಹೊರತು ತಾರೀಖು ಗೊತ್ತಿಲ್ಲದಿದ್ದರೂ ಏನು ಕೊಡುತ್ತಿದ್ದೇನೆ, ಯಾರಿಗೆ, ಯಾಕೆ, ಕೊಟ್ಟ ಮೇಲೆ ಏನಾಗುತ್ತದೆ, ಯಾರಿಗೆ ನೋವಾಗುತ್ತದೆ ಎಲ್ಲ ಗೊತ್ತು. ಅವರ ತೀರ್ಮಾನ ನಮಗೆ ಹಿಡಿಸದಿರಬಹುದು, ಅದು ಬೇರೆ ಮಾತು. ಮರುದಿನ ಬರುವ ನಿವೃತ್ತ ಮಾಸ್ತರರೊಬ್ಬರು ಪ್ರಧಾನಿಯ ಹೆಸರು, ವಾರ, ಇಸವಿ ಎಲ್ಲ ಪಟಪಟ ಹೇಳುತ್ತಾರೆ. ಎದುರಿಗಿರುವ ಹಕ್ಕುಸೋಡಪತ್ರವನ್ನು ಓದಿಸಿ ವಿವರಿಸಿದರೆ ‘ಹೌದ್ರಿ, ನೀವು ಹೇಳಿದಂಗ’ ಎನ್ನುತ್ತಾರೆ. ಹತ್ತು ನಿಮಿಷ ಬಿಟ್ಟು ಅದೇ ಕಾಗದ ತೋರಿಸಿದರೆ ಪೆನ್ಶನ್ನಿನ ಅರ್ಜಿ ಎನ್ನುತ್ತಾರೆ. ವಿದ್ಯಾವಂತರ ಈ ನಯ ನಾಜೂಕಿನ ಹಿಂದೆ ಅಡಗಿರುವ ಮರೆವು ಮನೆಯವರಿಗೂ ಬಹುಕಾಲ ಕಾಣುವುದಿಲ್ಲ. ಸಹಿ ಹಾಕಬಾರದವರು ಇವರು.

ಹೀಗಾಗಿ ಓದುಬರಹ ಬಾರದವರನ್ನು ಅಂಕದ ಮೇಲೆ ಅಳೆಯಬೇಡಿ ಎಂದು ಡಾಕ್ಟರರಿಗೆ ಹೇಳುವ ಹಕ್ಕು ನಿಮಗಿದೆ. ಕನ್ನಡದಲ್ಲಿ, ಅಕ್ಷರ ಬಾರದವರಿಗೂ ಹೊಂದುವ ಪರೀಕ್ಷೆಗಳು ಈಗ ಇವೆ. ಗಡಿಯ ಹಳ್ಳಿಗಳಲ್ಲಿ ಮನೆಮಾತು ಮರಾಠಿಯಾಗಿದ್ದರೆ ಪರೀಕ್ಷೆಯೂ ಮರಾಠಿಯಲ್ಲೇ ನಡೆಯಲಿ.

ಇನ್ನೊಂದು ಮಾತು, ಇದನ್ನು ತುಸು ಒತ್ತಿ ಹೇಳಬೇಕು. ತಿಳಿವು ಹೋಗಿದೆ ಎನ್ನುವ ಮುಂಚೆ ಅದು ವಾಪಸ್ ಬರುವಂಥದ್ದೋ ಎಂದು ನೋಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಆಪರೇಶನ್ ಆದ ಮರುದಿನಗಳ ಗಲಿಬಿಲಿ, ನಿದ್ದೆ ಗುಳಿಗೆ, ಥೈರಾಯ್ಡ್, ಬಿ12 ಕೊರತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು, ಹೆಂಡತಿ ತೀರಿಕೊಂಡ ಮೇಲಿನ ಖಿನ್ನತೆ: ಇವೆಲ್ಲ ಮುದಿ ಮರೆವಿನ ವೇಷ ಹಾಕಿಕೊಂಡು ಬರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಐಸಿಯುನಲ್ಲಿ ಕೈಕಾಲು ಕಟ್ಟಿಸಿಕೊಂಡು ಬಡಬಡಿಸುತ್ತಿದ್ದ ಅಜ್ಜ ತಿಂಗಳೊಪ್ಪತ್ತಿನಲ್ಲಿ ಕಟ್ಟೆಯ ಮೇಲೆ ಕೂತು ಕಾರಖಾನೆ ರೇಟಿನ ಬಗ್ಗೆ ಜಗಳಾಡುವುದುಂಟು. ಲಕ್ವಾ ಹೊಡೆದವರಲ್ಲಿ ಕೆಲವರಿಗೆ ನಾಲಿಗೆ ಮಾತ್ರ ಹೋಗಿರುತ್ತದೆ, ಬುದ್ಧಿ ಇರುತ್ತದೆ. ಅವರಿಗೆ ಚಿತ್ರ ತೋರಿಸಿ, ಹೌದು-ಅಲ್ಲ ಸನ್ನೆ ಕಲಿಸಿ ಕೇಳಬೇಕು. ಅವಸರಕ್ಕೆ ಬಿದ್ದು ಇಂಥವರನ್ನು ಬುದ್ಧಿಯಿಲ್ಲದವರ ಸಾಲಿಗೆ ಸೇರಿಸುವುದು ಅನ್ಯಾಯ.

ಸರ್ಟಿಫಿಕೇಟಿನಲ್ಲಿ ಏನಿರಬೇಕು

‘ಪೇಶಂಟ್ ಫಿಟ್’ ಅಥವಾ ‘ಅನ್‌ಫಿಟ್’ ಎಂದು ಲೆಟರ್‌ಹೆಡ್ಡಿನ ಮೇಲೆ ಒಂದು ಸಾಲು ಗೀಚಿ ಸಿಕ್ಕಾ ಒತ್ತಿದ ಕಾಗದ ಪಾಟೀಸವಾಲಿನಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಪರೀಕ್ಷೆ ನಡೆದ ತಾರೀಖು ಮತ್ತು ಹೊತ್ತು, ಯಾವ ಭಾಷೆಯಲ್ಲಿ ನಡೆಯಿತು, ಕೋಣೆಯಲ್ಲಿ ಯಾರಿದ್ದರು, ಕಾಯಿಲೆ ಏನು, ನಡೆಯುತ್ತಿರುವ ಔಷಧಿಗಳೇನು, ಯಾವ ನಿರ್ಧಾರದ ಬಗ್ಗೆ ಕೇಳಲಾಯಿತು, ರೋಗಿ ತನ್ನ ಮಾತಿನಲ್ಲಿ ಕೊಟ್ಟ ಉತ್ತರವೇನು ಇಷ್ಟು ಇರಲಿ. ಕೊನೆಗೆ, ಈ ನಿರ್ಧಾರಕ್ಕೆ ಈ ದಿನ ಶಕ್ತಿ ಇದೆ ಅಥವಾ ಇಲ್ಲ, ಮತ್ತೆ ಯಾವಾಗ ಪರೀಕ್ಷಿಸಬೇಕು ಎಂಬ ಅಭಿಪ್ರಾಯ. ಬರೆದವರು ಮನೋವೈದ್ಯರೋ ನರರೋಗ ತಜ್ಞರೋ ಆಗಿದ್ದರೆ ತೂಕ ಹೆಚ್ಚು. ಮಿರಜಿನ ಡಾಕ್ಟರ ಕಾಗದ ನಡೆಯುತ್ತದೆ, ರಾಜ್ಯದ ಗಡಿ ಅದಕ್ಕೆ ಅಡ್ಡಿಯಲ್ಲ. ಆದರೆ ಕೋರ್ಟು ಬಯಸಿದರೆ ಸರಕಾರಿ ವೈದ್ಯರ ಮಂಡಳಿಯ ಮುಂದೆ ಹಾಜರಾಗಲು ಹೇಳಬಹುದು. ನಮ್ಮ ಕಡೆಯವರಿಗೆ ಅಂಥ ಸಂಸ್ಥೆಗಳೆಂದರೆ ಬೆಳಗಾವಿಯ ಬಿಮ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್.

ಅಂಗವಿಕಲತೆಯ ಕಾರ್ಡು ಇದಕ್ಕೆ ಬದಲಿಯಲ್ಲ. ಯುಡಿಐಡಿ ಕಾರ್ಡಿನ ಮೇಲೆ ಶೇಕಡಾ ಎಷ್ಟೇ ಬರೆದಿರಲಿ, ಅದು ಮಾಸಾಶನಕ್ಕೆ, ಬಸ್ ಪಾಸಿಗೆ ಉಪಯೋಗ. ಕಾಗದಕ್ಕೆ ಸಹಿ ಹಾಕುವ ಶಕ್ತಿ ಇದೆಯೋ ಇಲ್ಲವೋ ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ.

ಯಾವ ಬಾಗಿಲು

ಹುಟ್ಟಿನಿಂದಲೋ ಎಳವೆಯಿಂದಲೋ ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವಿಕಲತೆ ಇದ್ದವರಿಗೆ ದಾರಿ ಸಲೀಸು. 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮದಡಿ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನರು ಇರುತ್ತಾರೆ. ನಮಗೆ ಅದು ಬೆಳಗಾವಿಯಲ್ಲಿ. ಹೆತ್ತವರು ಮರೆಯುವುದು ಒಂದೇ ಸಂಗತಿ: ಮಗ ಹದಿನೆಂಟು ದಾಟಿದ ದಿನ ತಂದೆತಾಯಿ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ‘ನಾವ ಇದ್ದೀವಲ್ಲ’ ಎಂದು ದಿನ ದೂಡಿದರೆ, ಇಬ್ಬರೂ ತೀರಿಕೊಂಡ ಮೇಲೆ ಆ ಮಗನ ಹೆಸರಿನ ಕುಟುಂಬ ಪಿಂಚಣಿಯೋ ಠೇವಣಿಯೋ ಬ್ಯಾಂಕಿನಲ್ಲಿ ಸಿಕ್ಕಿಬೀಳುತ್ತದೆ. ಹೆತ್ತವರೇ ಹೋಗಿ ನಮೂನೆ ‘ಎ’ ತುಂಬಿ, ಅಂಗವಿಕಲತೆಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಆಧಾರ್ ಹಚ್ಚಿ ಅರ್ಜಿ ಹಾಕಲಿ. ತಮ್ಮ ನಂತರ ಯಾರು ಎಂಬುದನ್ನೂ ಆಗಲೇ ಮನೆಯಲ್ಲಿ ಕೂತು ಮಾತಾಡಲಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಮಂಗಸೂಳಿಯಿಂದ ಬೆಳಗಾವಿಗೆ ಸುಮ್ಮನೆ ಎಡತಾಕುವ ಮುನ್ನ ಅವರ ಕೈಯಲ್ಲಿ ಕಾಗದ ನೋಡಿಸಿ. ವಕೀಲರ ಫೀ, ಸ್ಟಾಂಪು ಯಾವುದೂ ಇಲ್ಲದೆ ಆಗುವ ಕೆಲಸ ಇದು. ಸಮಿತಿ ಕೊಟ್ಟ ಪಾಲಕತ್ವದ ಪ್ರಮಾಣಪತ್ರವನ್ನು ನೆಚ್ಚಿ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿಯೂ ಇದೆ.

ಮರೆವಿನ ಕಾಯಿಲೆ, ಸ್ಕಿಜೋಫ್ರೇನಿಯಾದಂಥವು ಆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ಕಾನೂನಿನಲ್ಲೇ ಒಂದು ಕಂದಕ ಬಿದ್ದಿದೆ. 1912ರ ಲೂನಸಿ ಆ್ಯಕ್ಟ್, ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಅಧಿನಿಯಮ ಎರಡರಲ್ಲೂ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿ ನೋಡಿಕೊಳ್ಳುವವರನ್ನು ನೇಮಿಸುವ ಅಧ್ಯಾಯವಿತ್ತು. 2018ರ ಮೇ 29ರಂದು ಜಾರಿಗೆ ಬಂದ 2017ರ ಹೊಸ ಅಧಿನಿಯಮ ಚಿಕಿತ್ಸೆ, ಹಕ್ಕುಗಳ ಬಗ್ಗೆ ವಿವರವಾಗಿ ಹೇಳಿ ಆಸ್ತಿಯ ಅಧ್ಯಾಯವನ್ನು ಕೈಬಿಟ್ಟಿತು. ಉದ್ದೇಶ ಕೆಟ್ಟದ್ದಲ್ಲ, ಹಳೆಯ ಪದ್ಧತಿಯಲ್ಲಿ ‘ಹುಚ್ಚ’ ಎಂಬ ಹಣೆಪಟ್ಟಿ ಹಚ್ಚಿ ಹೊಲ ಕಿತ್ತುಕೊಂಡ ಕಥೆಗಳಿಗೆ ಲೆಕ್ಕವಿಲ್ಲ. ಆದರೂ ಮನೆಯಲ್ಲಿ ಮರೆವಿನ ಅಮ್ಮನನ್ನು ಇಟ್ಟುಕೊಂಡವರಿಗೆ ಕಷ್ಟವಾಯಿತು.

ಈಗ ಉಳಿದ ದಾರಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 14ನೆಯ ಕಲಂ. ಆ ಅಧಿನಿಯಮದ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯಲ್ಲಿ ನೆನಪು, ಸ್ಥಳ-ಕಾಲದ ಅರಿವು ತೀವ್ರವಾಗಿ ಕೆಡುವುದೂ ಸೇರಿರುವುದರಿಂದ ಮರೆವಿನ ಕಾಯಿಲೆಯವರ ಪರವಾಗಿ ವಕೀಲರು ಇದನ್ನೇ ಹಿಡಿಯುತ್ತಾರೆ. ಬೇಕಾದ ನೆರವು ಕೊಟ್ಟ ಮೇಲೂ ಒಬ್ಬರಿಗೆ ಕಾನೂನುಬದ್ಧ ನಿರ್ಧಾರ ತೆಗೆದುಕೊಳ್ಳಲು ಆಗದಿದ್ದರೆ ಜಿಲ್ಲಾ ನ್ಯಾಯಾಲಯ ‘ಸೀಮಿತ ಪಾಲಕ’ರನ್ನು ನೇಮಿಸಬಹುದು. ಇಂಥ ಕೆಲಸಕ್ಕೆ, ಇಷ್ಟು ಅವಧಿಗೆ ಎಂದು ಆದೇಶದಲ್ಲಿ ಹೇಳಿರುತ್ತದೆ. ಪಾಲಕರು ಆ ವ್ಯಕ್ತಿಯನ್ನು ಕೇಳಿಯೇ, ಅವರ ಇಷ್ಟದಂತೆಯೇ ನಡೆಯಬೇಕು. ‘ನೆರವು ಕೊಟ್ಟ ಮೇಲೂ’ ಎಂಬ ಮಾತು ಮುಖ್ಯ. ಕನ್ನಡಕ, ಕಿವಿಯ ಮಶೀನು, ಸರಳವಾಗಿ ವಿವರಿಸುವ ನಂಬಿಕೆಯ ಜನ ಇವನ್ನೆಲ್ಲ ಪ್ರಯತ್ನಿಸಿದ್ದೀರಿ ಎಂದು ಅರ್ಜಿಯಲ್ಲೇ ತೋರಿಸಿ. ಚಿಕ್ಕೋಡಿಯಲ್ಲಿ ಕೂರುವ ಹೆಚ್ಚುವರಿ ಜಿಲ್ಲಾ ನ್ಯಾಯಾಲಯದಲ್ಲೋ ಬೆಳಗಾವಿಯ ಪ್ರಧಾನ ನ್ಯಾಯಾಲಯದಲ್ಲೋ ಎಂಬುದನ್ನು ವಕೀಲರು ಹೇಳುತ್ತಾರೆ.

ಪೂರ್ಣ ಕೋಮಾದಲ್ಲಿರುವವರಿಗೆ ಹೈಕೋರ್ಟೇ ದಾರಿ. ಸಂವಿಧಾನದ 226ನೆಯ ವಿಧಿಯಡಿ ರಿಟ್ ಅರ್ಜಿ ಹಾಕಬೇಕು. ಬೆಳಗಾವಿ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡ ಪೀಠ ಸಾಕು. ಇದಕ್ಕೆ ಮಾದರಿಯೆಂದು ವಕೀಲರು ತೋರಿಸುವುದು ಕೇರಳ ಹೈಕೋರ್ಟಿನ 2019ರ ಶೋಭಾ ಗೋಪಾಲಕೃಷ್ಣನ್ ಪ್ರಕರಣದ ಮಾರ್ಗಸೂಚಿ. ವೈದ್ಯರ ಮಂಡಳಿ ಪರೀಕ್ಷಿಸಬೇಕು, ಅದರಲ್ಲಿ ನರರೋಗ ತಜ್ಞರಿರಬೇಕು, ಕಂದಾಯ ಅಧಿಕಾರಿ ಮನೆಗೆ ಬಂದು ನೋಡಿ ವರದಿ ಕೊಡಬೇಕು, ಆಸ್ತಿಯ ಪಟ್ಟಿಯೂ ವಾರಸುದಾರರ ವಿವರವೂ ಸಲ್ಲಬೇಕು, ನೇಮಕವಾದ ಮೇಲೆ ಲೆಕ್ಕ ಒಪ್ಪಿಸಬೇಕು.

ಯಾರೋ ನಿಮ್ಮ ತಂದೆಯ ಮೇಲೆ ದಾವೆ ಹೂಡಿದ್ದಾರೆ, ಅವರಿಗೆ ತಿಳಿವಿಲ್ಲ ಎನ್ನುವುದಾದರೆ ಆ ಒಂದು ದಾವೆಯ ಮಟ್ಟಿಗೆ ಅವರ ಪರವಾಗಿ ನಿಲ್ಲುವವರನ್ನು ಅದೇ ಕೋರ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದಂತೆ ನೇಮಿಸುತ್ತದೆ. ಅದನ್ನು ಹಿಡಿದು ಬ್ಯಾಂಕಿಗೆ ಹೋಗಲು ಬರುವುದಿಲ್ಲ. ಪಂಚಾಯಿತಿಯ ಪತ್ರ, ನೋಟರಿಯ ಅಫಿಡವಿಟ್, ಮಲ್ಲಯ್ಯನ ಗುಡಿಯಲ್ಲಿ ಭಂಡಾರ ಮುಟ್ಟಿ ಮಾಡಿದ ಆಣೆ ಇವು ಯಾವುವೂ ಯಾರನ್ನೂ ಪಾಲಕರನ್ನಾಗಿ ಮಾಡುವುದಿಲ್ಲ. ಆಣೆಯಿಂದ ಅಣ್ಣತಮ್ಮಂದಿರು ತಣ್ಣಗಿದ್ದರೆ ಒಳ್ಳೆಯದೇ, ಅರ್ಜಿಗೆ ತಕರಾರಿಲ್ಲ ಎಂದು ಎಲ್ಲರ ಸಹಿ ಅದೇ ದಿನ ತೆಗೆದುಕೊಂಡುಬಿಡಿ.

ಮೃತ್ಯುಪತ್ರ ಮತ್ತು ಒಂದು ಮೈಸೂರು ಪ್ರಕರಣ

ತಿಳಿವು ಇರುವಾಗಲೇ ಮಾಡಿಡಬೇಕಾದ ಕಾಗದಗಳಲ್ಲಿ ಮೃತ್ಯುಪತ್ರ ಮೊದಲನೆಯದು. ಅದನ್ನು ಒಡೆಯಲು ಬರುವವರು ಹೇಳುವ ಮೊದಲ ಮಾತೂ ‘ಆಗ ಅವರಿಗೆ ಎಚ್ಚರ ಇರಲಿಲ್ಲ’ ಎಂಬುದೇ. ದೇಶದ ಕೋರ್ಟುಗಳೆಲ್ಲ ಇವತ್ತಿಗೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರಿನದು: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ಅದನ್ನು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಹೆಣ್ಣುಮಗಳೊಬ್ಬರ ಮೃತ್ಯುಪತ್ರ ಬರೆಸಲು ಮುಂದೆ ನಿಂತು ಓಡಾಡಿದವರ ಕಡೆಗೇ ಅದರಿಂದ ದೊಡ್ಡ ಲಾಭ ಆಗಿತ್ತು. ಹೀಗೆ ಅನುಮಾನ ಹುಟ್ಟಿಸುವ ಸನ್ನಿವೇಶ ಇದ್ದಾಗ ಆ ಅನುಮಾನವನ್ನು ತೊಳೆಯುವ ಹೊರೆ ಪತ್ರವನ್ನು ಮುಂದಿಡುವವರ ಮೇಲೆಯೇ ಇದೆ ಎಂದು ಕೋರ್ಟು ಹೇಳಿತು, ಪತ್ರ ನಿಲ್ಲಲಿಲ್ಲ.

ಇದರಿಂದ ಮನೆಯವರು ಕಲಿಯಬೇಕಾದ್ದು ಹೆಚ್ಚು ಕಷ್ಟದ್ದಲ್ಲ. ಆಸ್ತಿ ಪಡೆಯುವವರು ಬರೆಸುವ ದಿನ ಆ ಕೋಣೆಯಲ್ಲೇ ಇರಬಾರದು. ಸಾಕ್ಷಿಗಳು ಇಬ್ಬರು ಬೇಕು, ಅವರು ಪಾಲು ಪಡೆಯುವವರಾಗಿರಬಾರದು, ವಯಸ್ಸಿನಲ್ಲಿ ಚಿಕ್ಕವರಾಗಿದ್ದರೆ ಉತ್ತಮ. ಮುಂದೆ ಕೋರ್ಟಿಗೆ ಬಂದು ‘ನನ್ನ ಕಣ್ಣೆದುರಿಗೆ ಒತ್ತಿದರು’ ಎಂದು ಹೇಳಲು ಒಬ್ಬರಾದರೂ ಬದುಕಿರಬೇಕಲ್ಲ. ಯಾರಿಗಾದರೂ ಪಾಲು ತಪ್ಪಿಸುತ್ತಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಸಿ. ಡಾಕ್ಟರ ಸರ್ಟಿಫಿಕೇಟ್ ಕಾನೂನು ಕೇಳುವುದಿಲ್ಲ, ಆದರೂ ಎಂಬತ್ತರ ಗಡಿಯಲ್ಲಿರುವವರಿಗೆ ಅದೇ ದಿನದ ಒಂದು ಸರ್ಟಿಫಿಕೇಟ್ ಬಹಳ ಕೆಲಸಕ್ಕೆ ಬರುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದ್ದನ್ನೂ ಪ್ರಶ್ನಿಸಬಹುದು. ಹಾಸಿಗೆ ಹಿಡಿದವರಿದ್ದರೆ ಕಾರಣ ತೋರಿಸಿ ಸಬ್ ರಿಜಿಸ್ಟ್ರಾರರನ್ನು ಮನೆಗೇ ಬರಲು ಕೇಳಿಕೊಳ್ಳುವ ಅವಕಾಶ 1908ರ ನೋಂದಣಿ ಅಧಿನಿಯಮದಲ್ಲಿದೆ.

ಬಕ್ಷೀಸಪತ್ರದಲ್ಲಿ ಮಾತ್ರ ಮೇಲಿನ ಅಜ್ಜಿಯ ಜಾಣತನ ಇರಲಿ. ‘ನನ್ನನ್ನು ನೋಡಿಕೊಳ್ಳುವ ಷರತ್ತಿನ ಮೇಲೆ’ ಎಂದು ಪತ್ರದಲ್ಲೇ ಬರೆದಿದ್ದರೆ, ನೋಡಿಕೊಳ್ಳದಿದ್ದಾಗ 2007ರ ಹಿರಿಯ ನಾಗರಿಕರ ಅಧಿನಿಯಮದ 23ನೆಯ ಕಲಂ ಪ್ರಕಾರ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಷರತ್ತು ಕಾಣದಿದ್ದರೆ ಆ ಕಲಂ ನೆರವಿಗೆ ಬರುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಬ್ಯಾಂಕಿನದು ಬೇಗ ಮುಗಿಯುವ ಮಾತು. ಖಾತೆಯನ್ನು ಇಂದೇ ಜಂಟಿ ಮಾಡಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು, ಒಬ್ಬರು ಹೋದರೆ ಉಳಿದವರಿಗೆ ಎಂಬ ಷರತ್ತು ಹಾಕಿಸಿ. ನಾಮಿನಿ ಬೇರೆ, ಜಂಟಿ ಖಾತೆದಾರ ಬೇರೆ. ನಾಮಿನಿಗೆ ಖಾತೆದಾರರು ಬದುಕಿರುವಾಗ ಒಂದು ರೂಪಾಯಿಯ ಅಧಿಕಾರವೂ ಇಲ್ಲ. ಎಚ್ಚರವಿದ್ದು ಕೈ ಮಾತ್ರ ಸೋತಿದ್ದರೆ ಪಾಲಕತ್ವದ ಗೋಜೇ ಬೇಡ. ಹೆಬ್ಬೆಟ್ಟಿನ, ಕಾಲ್ಬೆರಳಿನ ಗುರುತನ್ನೂ ಬ್ಯಾಂಕಿನ ಒಬ್ಬ ಅಧಿಕಾರಿ ಸೇರಿದಂತೆ ಇಬ್ಬರು ಸಾಕ್ಷಿಗಳ ಎದುರು ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ.

ಚಿಕಿತ್ಸೆಯ ಬಗ್ಗೆಯೂ ಮೊದಲೇ ಬರೆದಿಡಬಹುದು. ಮಾನಸಿಕ ಚಿಕಿತ್ಸೆ ಹೇಗಿರಬೇಕು, ನನ್ನ ಪರ ಯಾರು ಮಾತಾಡಬೇಕು ಎಂದು ಬರೆದಿಡಲು 2017ರ ಅಧಿನಿಯಮವೇ ಅವಕಾಶ ಕೊಟ್ಟಿದೆ. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂಬ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿ, 2023ರಲ್ಲಿ ವಿಧಾನ ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ 2025ರ ಜನವರಿ ಕೊನೆಗೆ ಹೊರಡಿಸಿದೆ.

ಪಾಲಕರಾದ ಮೇಲೆ

ಪಾಲಕ ಎಂದರೆ ಮಾಲಕ ಅಲ್ಲ. ನ್ಯಾಷನಲ್ ಟ್ರಸ್ಟ್ ಅಡಿ ನೇಮಕವಾದವರು ಆರು ತಿಂಗಳೊಳಗೆ ಆಸ್ತಿ, ಸಾಲ, ಬರಬೇಕಾದ ಬಾಕಿಗಳ ಪಟ್ಟಿ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ದುರುಪಯೋಗ ಮಾಡಿದರೆ, ನಿರ್ಲಕ್ಷ್ಯ ತೋರಿದರೆ ಸಂಬಂಧಿಕರೋ ಸಂಸ್ಥೆಯೋ ಕೊಟ್ಟ ದೂರಿನ ಮೇಲೆ ಸಮಿತಿ ಅವರನ್ನು ಕೆಳಗಿಳಿಸಬಹುದು. ಒಂದು ಉದ್ದನೆಯ ನೋಟಬುಕ್ಕು ಇಟ್ಟು, ಕಬ್ಬಿನ ಬಿಲ್ಲು ಬಂದ ದಿನ, ಸೊಸೈಟಿಗೆ ಕಟ್ಟಿದ್ದು, ಗುಳಿಗೆ, ಡಯಾಪರ್, ನೋಡಿಕೊಳ್ಳುವ ಹೆಣ್ಣುಮಗಳ ಪಗಾರ ಎಲ್ಲ ಬರೆಯುತ್ತಾ ಹೋಗಿ, ಪಾವತಿಗಳನ್ನು ಅದರಲ್ಲೇ ಅಂಟಿಸಿ. ಪಾಲಕರ ಸ್ವಂತ ಖಾತೆಗೆ ಆ ಹಣ ಒಮ್ಮೆಯೂ ಹಾಯಬಾರದು. ಹೊಲ ಮಾರುವ, ಬೋಜಾ ಏರಿಸುವ ಪ್ರಸಂಗ ಬಂದರೆ ಆದೇಶದಲ್ಲಿ ಹಾಗೆ ಸ್ಪಷ್ಟ ಮಾತಿದೆಯೇ ನೋಡಿ, ಇಲ್ಲದಿದ್ದರೆ ಕೋರ್ಟಿನ ಅನುಮತಿ ಬೇಡಿ.

ದುಡ್ಡಿಲ್ಲ, ವಕೀಲರು ಗೊತ್ತಿಲ್ಲ ಎನ್ನುವವರು ಅಥಣಿಯ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಾನಸಿಕ ಕಾಯಿಲೆಯವರು, ವಿಕಲಚೇತನರು, ಹೆಣ್ಣುಮಕ್ಕಳು ವಕೀಲರ ನೆರವನ್ನು ಪುಕ್ಕಟೆ ಪಡೆಯಬಹುದು, ಸಹಾಯವಾಣಿ 15100. ಡಾಕ್ಟರ ಹತ್ತಿರ ಹೋಗುವ ಮುನ್ನ ಕನ್ನಡದಲ್ಲೇ ಮಾತಾಡಬೇಕೆಂದರೆ ಟೆಲಿ ಮನಸ್ 14416. ಹಿರಿಯರನ್ನು ಯಾರಾದರೂ ಹೆದರಿಸಿ ಸಹಿ ಹಾಕಿಸುತ್ತಿದ್ದರೆ ಎಲ್ಡರ್ ಲೈನ್ 14567. ಮಿರಜ, ಸಾಂಗ್ಲಿಯ ಆಸ್ಪತ್ರೆಯ ಕಾಗದ, ಆ ಕಡೆಯ ಹೊಲದ ಸಾತಬಾರಾ ಉತಾರ ಮರಾಠಿಯಲ್ಲಿದ್ದರೆ ಕನ್ನಡಕ್ಕೋ ಇಂಗ್ಲಿಷಿಗೋ ಭಾಷಾಂತರ ಮಾಡಿಸಿ ದೃಢೀಕರಿಸಿಟ್ಟುಕೊಳ್ಳಿ, ಎರಡು ಮುದ್ದತ್ತುಗಳಾದರೂ ಉಳಿಯುತ್ತವೆ.

ಲಕ್ವಾದ ರೋಗಿ ವರ್ಷದೊಳಗೆ ಚೇತರಿಸಿಕೊಂಡು ತನ್ನ ವ್ಯವಹಾರ ತಾನೇ ನೋಡುವಂತಾದರೆ ಹೊಸದಾಗಿ ಪರೀಕ್ಷೆ ಮಾಡಿಸಿ, ಪಾಲಕತ್ವ ರದ್ದು ಮಾಡಲು ಪಾಲಕರೇ ಅರ್ಜಿ ಹಾಕಬೇಕು. ಅವರು ಹಾಕದಿದ್ದರೆ ರೋಗಿಯೇ ಹಾಕಬಹುದು, ಅದಕ್ಕೂ ಪುಕ್ಕಟೆ ವಕೀಲರು ಸಿಗುತ್ತಾರೆ.